ಲಂಡನ್ನಿನ ಆ ಅಟ್ಟದಲ್ಲಿ ಏನೇನಿಲ್ಲ ಅಂತ ನೋಡಿ

ಪ್ರಶ್ನೆ: ಡಾಕ್ಟ್ರೇ, ನನ್ನ ತಂಗಿ ಲಂಡನ್ನಿನಲ್ಲಿದ್ದಾಳೆ. ಬರುವ ಜೂನ್‌ನಲ್ಲಿ ನಾನು, ನಮ್ಮ ಯಜಮಾನರು, 11 ವರ್ಷದ ಮಗಳು, 72 ವರ್ಷದ ಮಾವ ನಾಲ್ಕೂ ಜನ ಅಲ್ಲಿಗೆ ಹೊರಟಿದ್ದೇವೆ. ದುಬೈ ಮೇಲೆ ಹೋಗುವ ವಿಮಾನ. ಮಾವ ನಮ್ಮೂರಲ್ಲಿ ಬೇರು, ಸೊಪ್ಪು ತಂದು ಔಷಧಿ ಕೊಡುತ್ತಾರೆ, ದುಡ್ಡು ಮುಟ್ಟುವುದಿಲ್ಲ. ಅದಕ್ಕೇ ತಂಗಿ, "ಇಲ್ಲೊಂದು ಹಳೇ ಆಪರೇಷನ್ ಥಿಯೇಟರ್ ಮ್ಯೂಸಿಯಂ ಇದೆ, ಗಿಡಮೂಲಿಕೆ ಇಡುತ್ತಿದ್ದ ಅಟ್ಟವೂ ಅಲ್ಲೇ ಇದೆ, ಅವರನ್ನ ಕರ್ಕೊಂಡು ಹೋಗೋಣ" ಅಂತಿದ್ದಾಳೆ. ನನಗೆ ರಕ್ತ ಅಂದರೆ ತಲೆ ಸುತ್ತುತ್ತದೆ. ಮಗಳು ಹೆದರಿಕೊಳ್ಳುತ್ತಾಳಾ? ಮಾವನವರು, "ಸುಶ್ರುತ ಸಾವಿರಾರು ವರ್ಷದ ಹಿಂದೆ ಮಾಡಿದ್ದನ್ನ ಅವರ ಹತ್ತಿರ ಹೋಗಿ ಏನು ನೋಡೋದು" ಅಂತಾರೆ. ಹೋಗುವುದು ಒಳ್ಳೇದಾ? ಹೋದರೆ ಏನು ನೋಡಬೇಕು?
ಓದುಗರೊಬ್ಬರು, ಸಕಲೇಶಪುರ ತಾಲ್ಲೂಕು

ಉತ್ತರ: ಹೋಗಿ. ಮಾವನವರನ್ನು ಬಿಡದೆ ಕರೆದುಕೊಂಡು ಹೋಗಿ. ನಾನು ಹಾಸನದಲ್ಲಿ ಮೂವತ್ತು ವರ್ಷ ಸರ್ಜನ್ ಆಗಿ ಕೆಲಸ ಮಾಡಿದವನು. ಆ ಜಾಗಕ್ಕೆ ಎರಡು ಸಲ ಹೋಗಿದ್ದೇನೆ. ಲಂಡನ್ನಿನಲ್ಲಿ ನೋಡಿದ ಅರಮನೆ, ಸೇತುವೆ ಎಲ್ಲ ಈಗ ಮಸುಕು ಮಸುಕು. ಆ ಅಟ್ಟ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಮೊದಲು ನಿಮ್ಮ ಭಯದ ಮಾತು. ಅಲ್ಲಿ ರಕ್ತ ಇಲ್ಲ. ಒಂದು ಮರದ ಮೇಜು ಇದೆ. ಗಾಜಿನ ಪೆಟ್ಟಿಗೆಗಳಲ್ಲಿ ಚಾಕು, ಗರಗಸ, ತಲೆಬುರುಡೆ ಕೊರೆಯುವ ಸಲಕರಣೆ, ಹೆರಿಗೆಯ ಇಕ್ಕಳ ಇವೆ. ಅವನ್ನು ನೋಡುವಾಗ ಏನಾದರೂ ತಳಮಳ ಅನಿಸಿದರೆ ತಕ್ಷಣ ಕೂತು ತಲೆ ತಗ್ಗಿಸಿ, ಸುಮ್ನೆ ತಡೆದುಕೊಂಡು ನಿಲ್ಲಬೇಡಿ. ಹೊಟ್ಟೆ ತುಂಬ ತಿಂಡಿ ತಿಂದೇ ಹೋಗಿ, ಖಾಲಿ ಹೊಟ್ಟೆಗೆ ತಲೆಸುತ್ತು ಜಾಸ್ತಿ. ನನಗೆ ಯೋಚನೆ ಇರುವುದು ಮಾವನವರ ಮಂಡಿಯ ಬಗ್ಗೆ. ಮೇಲೆ ಹೋಗಲು ಇಕ್ಕಟ್ಟಾದ ಸುತ್ತು ಮೆಟ್ಟಿಲು, ಒಟ್ಟು 52. ತೋಟದ ಏರಿಳಿತ ಹತ್ತಿ ಇಳಿಯುವವರಿಗೆ ಅದು ಕಷ್ಟವಾಗಲಾರದು. ಆದರೂ ಮಂಡಿ ನೋವಿದ್ದರೆ ಬೇರೆ ವ್ಯವಸ್ಥೆ ಏನಿದೆ ಅಂತ ಟಿಕೆಟ್ ಮಾಡಿಸುವಾಗಲೇ ಮ್ಯೂಸಿಯಂಗೆ ಬರೆದು ಕೇಳಲು ತಂಗಿಗೆ ಹೇಳಿ. ಜಾಗ ಹುಡುಕುವುದು ಸುಲಭ. ಲಂಡನ್ ಬ್ರಿಡ್ಜ್ ರೈಲು ನಿಲ್ದಾಣದ ಪಕ್ಕದಲ್ಲೇ ಸೇಂಟ್ ಥಾಮಸ್ ರಸ್ತೆ.

ಈ ಥಿಯೇಟರ್ ಇರುವುದು ಒಂದು ಚರ್ಚಿನ ಮಾಡಿನೊಳಗೆ. ಚರ್ಚಿನ ಮೇಲೆ ಆಪರೇಷನ್ ಯಾಕೆ ಮಾಡಿದರು ಅಂತ ಎಲ್ಲರೂ ಕೇಳುತ್ತಾರೆ. ಆಗ ಸೇಂಟ್ ಥಾಮಸ್ ಆಸ್ಪತ್ರೆ ಅಲ್ಲೇ ಇತ್ತು. 18ನೇ ಶತಮಾನದ ಶುರುವಿನಲ್ಲಿ ಕಟ್ಟಿದ ಈ ಚರ್ಚು ಆಸ್ಪತ್ರೆಯದ್ದೇ. ಹೆಂಗಸರ ಶಸ್ತ್ರಚಿಕಿತ್ಸೆಯ ವಾರ್ಡು ಚರ್ಚಿನ ಮಾಡಿನ ಮಟ್ಟಕ್ಕೇ ತಾಗಿಕೊಂಡಿತ್ತು. ಅಲ್ಲಿಯವರೆಗೆ ಹೆಂಗಸರ ಆಪರೇಷನ್ ವಾರ್ಡಿನಲ್ಲೇ ಆಗುತ್ತಿತ್ತು. ಮಲಗಿದ್ದ ಬೇರೆ ರೋಗಿಗಳು ಎಲ್ಲವನ್ನೂ ಕೇಳಿಸಿಕೊಳ್ಳಬೇಕಿತ್ತು. ನಾಳೆ ತನ್ನ ಸರದಿ ಅಂತ ಗೊತ್ತಿದ್ದವಳ ಸ್ಥಿತಿ ಹೇಗಿದ್ದಿರಬಹುದು, ಅಲ್ವಾ? ಅದಕ್ಕೆ 1822ರಲ್ಲಿ ಪಕ್ಕದ ಅಟ್ಟದಲ್ಲಿ ಬೇರೆ ಕೋಣೆ ಕಟ್ಟಿದರು. ಮಾಡಿಗೆ ದೊಡ್ಡ ಗಾಜು ಹಾಕಿದರು, ಬೆಳಕು ನೇರ ಮೇಜಿನ ಮೇಲೆ ಬೀಳುತ್ತದೆ. ರಕ್ತ ಕೆಳಗಿನ ಚರ್ಚಿಗೆ ಸೋರಬಾರದು ಅಂತ ನೆಲದ ಹಲಗೆಯ ಕೆಳಗೆ ಮರದ ಹೊಟ್ಟು ತುಂಬಿಸಿದರು.

1862ರಲ್ಲಿ ರೈಲು ದಾರಿಗೆ ಜಾಗ ಬೇಕಾಗಿ ಆಸ್ಪತ್ರೆ ಅಲ್ಲಿಂದ ಎದ್ದು ಹೋಯಿತು. ಅಟ್ಟಕ್ಕೆ ಬಾಗಿಲು ಬಿತ್ತು. ಹೆಚ್ಚುಕಡಿಮೆ ನೂರು ವರ್ಷ ಅಲ್ಲೊಂದು ಥಿಯೇಟರ್ ಇದೆ ಅನ್ನುವುದೇ ಜನರಿಗೆ ಮರೆತುಹೋಯಿತು. 1950ರ ದಶಕದಲ್ಲಿ ಆಸ್ಪತ್ರೆಯ ಚರಿತ್ರೆ ಹುಡುಕುತ್ತಿದ್ದ ರೇಮಂಡ್ ರಸೆಲ್ ಎಂಬುವರು ಅಟ್ಟ ಹತ್ತಿ ನೋಡಿದಾಗ ಸಿಕ್ಕಿತು. 1962ರಿಂದ ಜನರಿಗೆ ತೆರೆದಿದೆ. ಯುರೋಪಿನಲ್ಲಿ ಉಳಿದಿರುವ ಆಪರೇಷನ್ ಥಿಯೇಟರುಗಳಲ್ಲಿ ಇದೇ ಅತ್ಯಂತ ಹಳೆಯದು ಅಂತ ಹೆಸರು.

ಮೆಟ್ಟಿಲು ಹತ್ತಿ ಒಳಗೆ ಹೋದರೆ ದೊಡ್ಡ ದೊಡ್ಡ ಮರದ ತೊಲೆಗಳ ಅಟ್ಟ. ಮಾವನವರಿಗೆ ಅಲ್ಲಿ ಅರ್ಧ ಗಂಟೆ ಬಿಡುವು ಕೊಡಿ. ನಮ್ಮ ಮಲೆನಾಡಿನ ಮನೆಯ ಅಟ್ಟ ಯಾಕೆ ಇರುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸೀಗೆಕಾಯಿ, ಅಂಟುವಾಳ, ಮುರುಗಲು, ಬಿತ್ತನೆ ಬೀಜ, ಬಾಣಂತಿ ಔಷಧಿಯ ಬೇರು ಎಲ್ಲ ಅಲ್ಲೇ ಅಲ್ವಾ. ನೆಲದ ತೇವ ತಾಗುವುದಿಲ್ಲ, ಬೆಚ್ಚಗಿರುತ್ತದೆ, ಗಾಳಿ ಆಡುತ್ತದೆ, ಇಲಿ ಕಾಟ ಸ್ವಲ್ಪ ಕಡಿಮೆ. ಆ ಆಸ್ಪತ್ರೆಯ ಔಷಧಿ ಮಾಡುವವನೂ ಅದೇ ಲೆಕ್ಕ ಹಾಕಿ ಮೂಲಿಕೆಯನ್ನು ಅಲ್ಲಿ ಒಣಗಿಸಿ ಇಡುತ್ತಿದ್ದ. ಅಂದರೆ ಥಿಯೇಟರ್ ಬರುವುದಕ್ಕೆ ಮುಂಚೆಯೇ ಅದು ಔಷಧಿಯ ಅಟ್ಟ. ಈಗಲೂ ಅಲ್ಲಿ ಒಣ ಸೊಪ್ಪು, ತೊಗಟೆ, ಬೇರು ಜೋಡಿಸಿಟ್ಟಿದ್ದಾರೆ. ಕುಟ್ಟುವ ಕಲ್ಲು, ಮಾತ್ರೆ ಕಟ್ಟುವ ಸಾಧನ ಇವೆ. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ವಾಸನೆ ಬರುತ್ತದೆ. ನನಗೆ ನಮ್ಮ ಅಜ್ಜಿಯ ಮನೆ ನೆನಪಾಯಿತು.

ಆ ಅಟ್ಟದಲ್ಲಿ ಹಳೇ ಕಾಲದ್ದೇ ಆದ ಒಂದು ವಸ್ತು ಸಿಕ್ಕಿದೆ. ಒಣಗಿದ ಗಸಗಸೆ ಕಾಯಿ. ನಾವು ಪಾಯಸಕ್ಕೆ ಹಾಕುವ ಗಸಗಸೆ ಆ ಕಾಯಿಯ ಒಳಗಿನ ಬೀಜ. ಕಾಯಿ ಹಸಿಯಾಗಿದ್ದಾಗ ಗೀರಿದರೆ ಬರುವ ಹಾಲು ಅಫೀಮು. ಆ ಕಾಲದಲ್ಲಿ ನೋವಿಗೆ ನಿಜವಾಗಿ ಕೆಲಸ ಮಾಡುತ್ತಿದ್ದ ಔಷಧಿ ಅಂದರೆ ಬಹುತೇಕ ಅದೊಂದೇ. ಅದರಿಂದ ಮಾರ್ಫಿನ್ ಬೇರೆ ಮಾಡಿದ್ದು 19ನೇ ಶತಮಾನದ ಮೊದಲ ವರ್ಷಗಳಲ್ಲಿ. ನಾನು ಮೂವತ್ತು ವರ್ಷ ಆಪರೇಷನ್ ಆದವರಿಗೆ, ಕ್ಯಾನ್ಸರ್ ನೋವಿನವರಿಗೆ ಬರೆದುಕೊಟ್ಟದ್ದೂ ಅದೇ ಮಾರ್ಫಿನ್. ಆ ಪುಟ್ಟ ಒಣ ಕಾಯಿಯ ಮುಂದೆ ನಾನು ತುಂಬ ಹೊತ್ತು ನಿಂತಿದ್ದೆ.

ಇನ್ನು ಥಿಯೇಟರ್. ಅದು ನಿಜವಾಗಿ ನಾಟಕ ನೋಡುವ ಜಾಗದ ಹಾಗೇ ಇದೆ. ಮಧ್ಯೆ ಮೇಜು, ಸುತ್ತ ಅರ್ಧ ಚಂದ್ರನ ಹಾಗೆ ಮೇಲೆ ಮೇಲೆ ಏರುವ ಮರದ ಕಟ್ಟೆಗಳು. ಅಲ್ಲಿ ವಿದ್ಯಾರ್ಥಿಗಳು ಒತ್ತೊತ್ತಾಗಿ ನಿಂತು ನೋಡುತ್ತಿದ್ದರು. 1815ರ ಒಂದು ಕಾನೂನು ಬಂದ ಮೇಲೆ ಔಷಧಿ ಕೊಡುವ ಪರವಾನಗಿ ಬೇಕಾದವರು ಆಸ್ಪತ್ರೆಯಲ್ಲಿ ಕಲಿಯಲೇಬೇಕಾಯಿತು. ಹಾಗಾಗಿ ನೂಕುನುಗ್ಗಲು. ಮೇಜಿನ ಮೇಲೆ ಮಲಗುತ್ತಿದ್ದವರು ಬಡ ಹೆಂಗಸರು. ಶ್ರೀಮಂತರು ಆಸ್ಪತ್ರೆಗೆ ಬರುತ್ತಿರಲಿಲ್ಲ, ಡಾಕ್ಟರನ್ನೇ ಮನೆಗೆ ಕರೆಸಿ ಅಡುಗೆಮನೆಯ ಮೇಜಿನ ಮೇಲೆ ಮಾಡಿಸಿಕೊಳ್ಳುತ್ತಿದ್ದರು.

ಇಲ್ಲಿ ನಿಮಗೆ ನಾನು ಒಂದು ಕೆಲಸ ಹೇಳುತ್ತೇನೆ. ಆ ಕೋಣೆಯಲ್ಲಿ ಏನಿದೆ ಅನ್ನುವುದಕ್ಕಿಂತ ಏನಿಲ್ಲ ಅಂತ ನೋಡಿ. ನಾನು ಮೊದಲ ಸಲ ಹೋದಾಗ ಚಾಕು, ಗರಗಸ ನೋಡಿ ಬಂದೆ. ಅವು ನನಗೆ ಹೊಸದಲ್ಲ. ಸಕ್ಕರೆ ಕಾಯಿಲೆಯಿಂದ ಕೊಳೆತ ಕಾಲನ್ನು ತೆಗೆಯುವಾಗ ನಾನು ಹಿಡಿದ ಗರಗಸಕ್ಕೂ ಅದಕ್ಕೂ ಅಂಥ ವ್ಯತ್ಯಾಸ ಏನಿಲ್ಲ. ಎರಡನೇ ಸಲ ಹೋದಾಗ ಸುಮ್ನೆ ಕೂತು ನನ್ನ ಥಿಯೇಟರನ್ನು ನೆನಪು ಮಾಡಿಕೊಂಡೆ. ಕೈ ತೊಳೆಯುವ ದೊಡ್ಡ ತೊಟ್ಟಿ ಎಲ್ಲಿ? ಉಪಕರಣ ಬೇಯಿಸುವ ಯಂತ್ರ ಎಲ್ಲಿ? ಗ್ಲೌಸು, ಮಾಸ್ಕು? ಅರಿವಳಿಕೆ ಕೊಡುವ ಡಾಕ್ಟರು ಕೂರುವ ಜಾಗ? ಯಾವುದೂ ಇಲ್ಲ. ಇರುವುದು ಮೇಜಿನ ಕೆಳಗೆ ಒಂದು ಮರದ ಹೊಟ್ಟಿನ ಪೆಟ್ಟಿಗೆ. ರಕ್ತ ಎಲ್ಲಿ ಹರಿಯುತ್ತದೋ ಅಲ್ಲಿಗೆ ಅದನ್ನು ಕಾಲಲ್ಲಿ ನೂಕುತ್ತಿದ್ದರು.

ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಥಿಯೇಟರ್ ಶುರುವಾಗಿದ್ದು 1822. ಈಥರ್ ಕೊಟ್ಟು ನೋವಿಲ್ಲದೆ ಆಪರೇಷನ್ ಮಾಡಬಹುದು ಅಂತ ಅಮೆರಿಕದ ಬಾಸ್ಟನ್ನಿನಲ್ಲಿ ಎಲ್ಲರೆದುರು ತೋರಿಸಿದ್ದು 1846ರ ಅಕ್ಟೋಬರ್. ಅದೇ ಡಿಸೆಂಬರ್‌ನಲ್ಲಿ ಲಂಡನ್ನಿನ ಇನ್ನೊಂದು ಆಸ್ಪತ್ರೆಯಲ್ಲಿ ರಾಬರ್ಟ್ ಲಿಸ್ಟನ್ ಈಥರ್ ಕೊಟ್ಟು ಒಬ್ಬನ ಕಾಲು ತೆಗೆದರು. ಮುಂದಿನ ವರ್ಷ ಕ್ಲೋರೋಫಾರ್ಮ್ ಬಂತು. ಅಂದರೆ ಈ ಅಟ್ಟದಲ್ಲಿ ಮೊದಲ 24 ವರ್ಷ ಎಚ್ಚರ ಇದ್ದವರ ಮೇಲೇ ಚಾಕು ಆಡಿತು. ಸ್ವಲ್ಪ ಮದ್ಯ, ಸ್ವಲ್ಪ ಅಫೀಮು, ಗಟ್ಟಿಯಾಗಿ ಹಿಡಿದುಕೊಳ್ಳುವ ನಾಲ್ಕು ಜನ. ಸರ್ಜನ್ನಿನ ಜಾಣತನ ಅಂದರೆ ಬೇಗ ಮುಗಿಸುವುದು. ಕೈ ಪಳಗಿದವರು ಒಂದು ಕಾಲನ್ನು ಒಂದೆರಡು ನಿಮಿಷದಲ್ಲಿ ತೆಗೆಯುತ್ತಿದ್ದರು. ಹೊಟ್ಟೆ, ಎದೆಯ ಒಳಗೆ ಕೈ ಹಾಕುವ ಧೈರ್ಯ ಮಾಡುತ್ತಿದ್ದವರು ತೀರಾ ಕಡಿಮೆ.

ನೋವು ಹೋಯಿತು, ಕೀವು ಹೋಗಲಿಲ್ಲ. ಗಾಯ ಕೊಳೆಯುವುದಕ್ಕೆ ಕಣ್ಣಿಗೆ ಕಾಣದ ಜೀವಿಗಳು ಕಾರಣ ಅಂತ ಯಾರಿಗೂ ಗೊತ್ತಿರಲಿಲ್ಲ. ರಕ್ತದ ಕಲೆ ಗಟ್ಟಿಯಾದ ಹಳೇ ಕೋಟನ್ನೇ ಹಾಕಿಕೊಂಡು ಸರ್ಜನ್ ಬರುತ್ತಿದ್ದ. ಜೋಸೆಫ್ ಲಿಸ್ಟರ್ ಎಂಬ ಸರ್ಜನ್ ಗ್ಲಾಸ್ಗೋದಲ್ಲಿ, ಕ್ರಿಮಿ ಕೊಲ್ಲುವ ಕಾರ್ಬಾಲಿಕ್ ಆಮ್ಲದ ಬಟ್ಟೆ ಹಾಕಿ ಗಾಯವನ್ನು ಕೊಳೆಯದ ಹಾಗೆ ಕಾಯ್ದದ್ದು 1865ರಲ್ಲಿ. ಅಷ್ಟೊತ್ತಿಗೆ ಈ ಅಟ್ಟಕ್ಕೆ ಬೀಗ ಬಿದ್ದು ಮೂರು ವರ್ಷ ಆಗಿತ್ತು. ಹಾಗಾಗಿ ಕೈ ಶುಚಿಯ ಪಾಠ ಕಲಿಯದೇ ನಿಂತುಹೋದ ಕೋಣೆ ಅದು, ನಿಂತ ಗಡಿಯಾರದ ಹಾಗೆ. ನನ್ನ ಮಟ್ಟಿಗೆ ಆ ಮ್ಯೂಸಿಯಂನ ಬೆಲೆ ಇರುವುದೇ ಇದರಲ್ಲಿ.

ಆದರೆ ಅಲ್ಲಿದ್ದವರನ್ನು ಕಟುಕರು ಅಂತ ಅಂದುಕೊಳ್ಳಬೇಡಿ. ಗೋಡೆಯ ಮೇಲೆ ಲ್ಯಾಟಿನ್‌ನಲ್ಲಿ ಒಂದು ಸಾಲು ಬರೆದಿದೆ. ಕರುಣೆಯಿಂದ, ಕಾಸಿಗಾಗಿ ಅಲ್ಲ ಅಂತ ಅದರ ಅರ್ಥ. ದುಡ್ಡು ಮುಟ್ಟದೆ ಔಷಧಿ ಕೊಡುವ ನಿಮ್ಮ ಮಾವನವರಿಗೆ ಆ ಸಾಲನ್ನು ಓದಿ ಹೇಳಿ. ಎಚ್ಚರದಲ್ಲೇ ಆಪರೇಷನ್ ಮಾಡಿಸಿಕೊಂಡೂ ಬದುಕಿದವರಿದ್ದರು. ಫ್ಯಾನಿ ಬರ್ನಿ ಎಂಬ ಇಂಗ್ಲಿಷ್ ಲೇಖಕಿಗೆ 1811ರಲ್ಲಿ ಪ್ಯಾರಿಸ್ಸಿನಲ್ಲಿ ಸ್ತನದ ಗಡ್ಡೆ ತೆಗೆದರು, ಕೊಟ್ಟದ್ದು ಸ್ವಲ್ಪ ಮದ್ಯ ಅಷ್ಟೇ. ಆದದ್ದನ್ನೆಲ್ಲ ಆಕೆ ಅಕ್ಕನಿಗೆ ಪತ್ರ ಬರೆದು ತಿಳಿಸಿದಳು. ಆಮೇಲೆ 28 ವರ್ಷಕ್ಕೂ ಹೆಚ್ಚು ಕಾಲ ಬದುಕಿದಳು. ಆ ಡಾಕ್ಟರು ಚಾಕು ಹಿಡಿಯದೇ ಇದ್ದಿದ್ದರೆ?

ಈಗ ಸುಶ್ರುತನ ವಿಷಯ. ಮಾವನವರ ಮಾತು ಸುಳ್ಳಲ್ಲ. ಸುಶ್ರುತ ಸಂಹಿತೆಯಲ್ಲಿ 101 ಯಂತ್ರ (ಹಿಡಿಯುವ, ಎಳೆಯುವ ಮೊಂಡು ಸಲಕರಣೆ), 20 ಶಸ್ತ್ರ (ಕೊಯ್ಯುವ, ಚುಚ್ಚುವ ಹರಿತ ಸಲಕರಣೆ) ಅಂತ ಲೆಕ್ಕ ಇದೆ. ಶಿಷ್ಯರು ಮೊದಲು ಕುಂಬಳಕಾಯಿ, ಸೋರೆಕಾಯಿ, ಸೌತೆಕಾಯಿ ಕೊಯ್ದು ಕೈ ಪಳಗಿಸಬೇಕು, ಬಟ್ಟೆ ಮತ್ತು ಮೆತ್ತನೆ ತೊಗಲಿನ ಮೇಲೆ ಹೊಲಿಗೆ ಕಲಿಯಬೇಕು ಅಂತ ಹೇಳಿದೆ. ಗಾಯವಾದವನ ಕೋಣೆಗೆ ಸಾಸಿವೆ, ಬೇವಿನ ಎಲೆಯ ಹೊಗೆ ಹಾಕಲು ಹೇಳಿದೆ. ಲಂಡನ್ನಿನ ಅಟ್ಟದಲ್ಲಿ ಅಷ್ಟೂ ಇರಲಿಲ್ಲ. ಕತ್ತರಿಸಿದ ಮೂಗನ್ನು ಮತ್ತೆ ಕಟ್ಟುವ ವಿಧಾನವೂ ಸಂಹಿತೆಯಲ್ಲಿದೆ.

ಈ ಮೂಗಿನ ಕಥೆ ನಮ್ಮ ಪಕ್ಕದ ಶ್ರೀರಂಗಪಟ್ಟಣಕ್ಕೂ ಲಂಡನ್ನಿಗೂ ನಂಟು ಹಾಕುತ್ತದೆ. 1792ರ ಮೈಸೂರು ಯುದ್ಧದಲ್ಲಿ ಕೋವಾಸ್‌ಜಿ ಅಂತ ಒಬ್ಬ ಮರಾಠಿ ರೈತ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ. ಟಿಪ್ಪುವಿನ ಕಡೆಯವರ ಕೈಗೆ ಸೆರೆ ಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಮನುಷ್ಯ ಅವನಿಗೆ ಹೊಸ ಮೂಗು ಕಟ್ಟಿದ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲೆ ಇಟ್ಟು ಗುರುತು ಹಾಕಿ, ಅಷ್ಟು ಚರ್ಮವನ್ನು ಹುಬ್ಬುಗಳ ನಡುವೆ ಸ್ವಲ್ಪ ಬಿಟ್ಟು ಬಿಡಿಸಿ, ಕೆಳಗೆ ತಿರುಗಿಸಿ ಕೂರಿಸಿದ. ಬಿಡಿಸದೇ ಉಳಿಸಿದ ಆ ತುಂಡಿನಿಂದಲೇ ಚರ್ಮಕ್ಕೆ ರಕ್ತ ಹರಿಯುತ್ತದೆ, ಅದಕ್ಕೇ ಅದು ಸಾಯುವುದಿಲ್ಲ. ಇಬ್ಬರು ಇಂಗ್ಲಿಷ್ ಡಾಕ್ಟರುಗಳು ಇದನ್ನು ಕಣ್ಣಾರೆ ನೋಡಿದರು. 1794ರಲ್ಲಿ ಲಂಡನ್ನಿನ ಒಂದು ಪತ್ರಿಕೆಯಲ್ಲಿ ಚಿತ್ರದ ಸಮೇತ ಅಚ್ಚಾಯಿತು. ಅದನ್ನು ತಿಳಿದ ಜೋಸೆಫ್ ಕಾರ್ಪ್ಯೂ ಎಂಬ ಲಂಡನ್ ಸರ್ಜನ್ ಹೆಣಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಒಬ್ಬ ಸೈನ್ಯಾಧಿಕಾರಿಗೆ ಹಾಗೇ ಮೂಗು ಕಟ್ಟಿದರು. ಎರಡು ವರ್ಷಕ್ಕೆ ಅದನ್ನು ಬರೆದು ಪ್ರಕಟಿಸಿದರು. ಇವತ್ತೂ ಪ್ಲಾಸ್ಟಿಕ್ ಸರ್ಜರಿಯವರು ಹಣೆಯ ಚರ್ಮದಿಂದ ಮೂಗು ಕಟ್ಟುತ್ತಾರೆ.

ಮಾವನವರಿಗೆ ಇದನ್ನು ಪೂರ್ತಿ ಹೇಳಿ. ಹೆಮ್ಮೆಪಡಲಿ, ತಪ್ಪೇನಿಲ್ಲ. ಆದರೆ ನನಗೆ ಕಾಡುವ ಪ್ರಶ್ನೆ ಬೇರೆ. ಪುಣೆಯ ಆ ಮನುಷ್ಯನ ಹೆಸರನ್ನು ಆ ಪತ್ರಿಕೆ ಬರೆಯಲಿಲ್ಲ, ನಮ್ಮವರೂ ಬರೆದಿಡಲಿಲ್ಲ. ಗೊತ್ತಿದ್ದ ವಿದ್ಯೆ ಒಂದು ಮನೆಯೊಳಗೇ ಉಳಿಯಿತು. ಕಾರ್ಪ್ಯೂ ಮಾಡಿದ್ದನ್ನು ನಾವು ಓದಬಹುದು, ತಪ್ಪಿದ್ದರೆ ತೋರಿಸಬಹುದು.

ಮೂಲಿಕೆಯಲ್ಲೂ ಹಾಗೇ ಒಂದು ಘಟನೆ ಇದೆ. ಇಂಗ್ಲೆಂಡಿನ ಹಳ್ಳಿಯ ಒಬ್ಬ ಮುದುಕಿ ಮೈ ಊದಿಕೊಳ್ಳುವ ಕಾಯಿಲೆಗೆ ಕಷಾಯ ಕೊಡುತ್ತಿದ್ದಳಂತೆ. ಡಾಕ್ಟರುಗಳು ಕೈಬಿಟ್ಟವರಲ್ಲೂ ಕೆಲವರು ಅದರಿಂದ ಚೇತರಿಸಿಕೊಂಡಿದ್ದರು. ಕಷಾಯದಲ್ಲಿ ಇಪ್ಪತ್ತು, ಅದಕ್ಕೂ ಜಾಸ್ತಿ ಗಿಡಗಳಿದ್ದವು. ವಿಲಿಯಂ ವಿದರಿಂಗ್ ಎಂಬ ವೈದ್ಯರು, ಕೆಲಸ ಮಾಡುವುದು ಅದರಲ್ಲಿ ಫಾಕ್ಸ್‌ಗ್ಲೋವ್ ಅನ್ನುವ ಒಂದೇ ಗಿಡ ಅಂತ ಕಂಡುಕೊಂಡರು. ಹತ್ತು ವರ್ಷ ರೋಗಿಗಳಿಗೆ ಕೊಟ್ಟು, ವಾಸಿಯಾದವರನ್ನೂ ಆಗದವರನ್ನೂ ಬರೆದಿಟ್ಟು 1785ರಲ್ಲಿ ಪ್ರಕಟಿಸಿದರು. ಎಷ್ಟು ಕೊಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಅದರ ಜೀವಾಳ. ಯಾಕೆಂದರೆ ಆ ಎಲೆ ಸ್ವಲ್ಪ ಹೆಚ್ಚಾದರೆ ಹೃದಯ ನಿಲ್ಲಬಹುದು. ಹೃದಯದ ಕಾಯಿಲೆಗೆ ಇವತ್ತೂ ಕೊಡುವ ಡಿಗಾಕ್ಸಿನ್ ಮಾತ್ರೆ ಅದೇ ಕುಲದ ಗಿಡದಿಂದ ಬಂದದ್ದು. ಜೂನ್‌ನಲ್ಲಿ ಅಲ್ಲಿ ಅದು ಹೂ ಬಿಟ್ಟಿರುತ್ತದೆ. ಉದ್ದ ದಂಟಿಗೆ ಸಾಲಾಗಿ ನೇತಾಡುವ ನೇರಳೆ ಗಂಟೆಗಳು. ಮಾವನವರು ನೋಡಲಿ, ಎಲೆ ಕಿತ್ತು ಬಾಯಿಗೆ ಹಾಕುವುದು ಮಾತ್ರ ಬೇಡ. ಬದುಕಿರುವ ಗಿಡಗಳನ್ನೇ ನೋಡುವ ಆಸೆ ಇದ್ದರೆ ಇನ್ನೊಂದು ದಿನ ಚೆಲ್ಸಿಯಾ ಫಿಸಿಕ್ ಗಾರ್ಡನ್ನಿಗೆ ಕರೆದುಕೊಂಡು ಹೋಗಿ. 1673ರಲ್ಲಿ ಔಷಧಿ ಮಾಡುವವರ ಸಂಘ ಹಾಕಿದ ತೋಟ ಅದು.

ಮಾವನವರ ಕೆಲಸವನ್ನು ನಾನು ಕೀಳಾಗಿ ನೋಡುತ್ತಿಲ್ಲ. ಕೆಮ್ಮಿಗೆ ದೊಡ್ಡಪತ್ರೆ, ಅಜೀರ್ಣಕ್ಕೆ ಶುಂಠಿ ನಮ್ಮ ಮನೆಯಲ್ಲೂ ಇದೆ. ಆದರೆ ಒಂದು ವಿಷಯ ಹೇಳದೇ ಇರಲಾರೆ. ಹಲಸಿನ ಮರದಿಂದ ಬಿದ್ದು ಮುಂಗೈ ಮುರಿದುಕೊಂಡ ಹುಡುಗನೊಬ್ಬನನ್ನು ಮೂರನೇ ದಿನ ನನ್ನ ಹತ್ತಿರ ಕರೆತಂದರು. ಊರಲ್ಲಿ ಯಾರೋ ಸೊಪ್ಪು ಅರೆದು ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದ್ದರು. ಸೊಪ್ಪಿನಿಂದ ಏನೂ ತೊಂದರೆ ಆಗಿರಲಿಲ್ಲ. ಕಟ್ಟಿನ ಕೆಳಗೆ ಕೈ ಊದಿ, ರಕ್ತ ಹರಿಯದೆ ಬೆರಳು ಕಪ್ಪಾಗಿದ್ದವು. ಮೊಣಕೈ ಕೆಳಗೆ ತೆಗೆಯಬೇಕಾಯಿತು. ಕಟ್ಟಿದವರು ಕೆಟ್ಟವರಲ್ಲ, ದುಡ್ಡನ್ನೂ ಮುಟ್ಟಿರಲಿಲ್ಲ. ಆ ಅಟ್ಟದ ಗರಗಸ ನೋಡಿದಾಗ ನನಗೆ ಆ ಹುಡುಗನೇ ನೆನಪಾದ. ಮೂಳೆ ಮುರಿದವರು, ಹಾವು ಕಚ್ಚಿದವರು ಬಂದರೆ ಮಾವನವರು ಏನೂ ಮಾಡದೆ ಕೂಡಲೇ ಆಸ್ಪತ್ರೆಗೆ ಕಳಿಸಲಿ. ಹಾವಿನ ವಿಷ ಇಳಿಸುವ ಚುಚ್ಚುಮದ್ದು ಸಿಗುವುದು ಅಲ್ಲಿ ಮಾತ್ರ.

ಮಗಳ ಬಗ್ಗೆ ಯೋಚನೆ ಬೇಡ. 11 ವರ್ಷಕ್ಕೆ ಇದು ಅರ್ಥವಾಗುತ್ತದೆ. ಕೈಗೆ ಒಂದು ಪುಟ್ಟ ಪುಸ್ತಕ, ಪೆನ್ಸಿಲ್ ಕೊಡಿ. "ನಮ್ಮ ಊರಿನ ಆಸ್ಪತ್ರೆಯಲ್ಲಿ ಇರುವುದು ಇಲ್ಲಿ ಏನೇನಿಲ್ಲ, ಪಟ್ಟಿ ಮಾಡು" ಅಂತ ಹೇಳಿ. ಮೇಲಿನ ಕಟ್ಟೆಯಲ್ಲಿ ನಿಂತು ಒಮ್ಮೆ ನೋಡಲಿ, ಆಮೇಲೆ ಮೇಜಿನ ಪಕ್ಕ ಬಂದು ತಲೆ ಎತ್ತಿ ನೋಡಲಿ. ವಿದ್ಯಾರ್ಥಿಗೆ ಏನು ಕಾಣುತ್ತಿತ್ತು, ರೋಗಿಗೆ ಏನು ಕಾಣುತ್ತಿತ್ತು ಅಂತ ಅವಳಿಗೇ ತಿಳಿಯುತ್ತದೆ. ಲಂಡನ್ನಿನಲ್ಲೇ ಹಂಟೇರಿಯನ್ ಮ್ಯೂಸಿಯಂ ಅಂತ ಇನ್ನೊಂದಿದೆ, ಅಲ್ಲಿ ಬಾಟಲಿಗಳಲ್ಲಿ ದೇಹದ ಭಾಗಗಳು ಸಾಲು ಸಾಲು. ನಿಮಗೂ ಮಗಳಿಗೂ ಈ ಸಲ ಅದು ಬೇಡ.

ಊರಿಗೆ ಬಂದ ಮೇಲೆ ಮಾವನವರನ್ನು ಹಾಸನದ ತಣ್ಣೀರುಹಳ್ಳದ ಆಯುರ್ವೇದ ಕಾಲೇಜಿಗೂ ಒಮ್ಮೆ ಕರೆತನ್ನಿ. ಅವರಿಗೆ ಗೊತ್ತಿರುವ ಗಿಡಗಳನ್ನು ಅಲ್ಲಿನ ಪಾಠ ಮಾಡುವವರ ಮುಂದೆ ಹೇಳಲಿ. ಅಲ್ಲಿಯವರೆಗೆ ಮೊಮ್ಮಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಯಾವ ಗಿಡ, ಯಾವ ಭಾಗ, ಎಷ್ಟು, ಯಾರಿಗೆ ಗುಣವಾಯಿತು, ಯಾರಿಗೆ ಆಗಲಿಲ್ಲ, ಎಲ್ಲವನ್ನೂ.

ಕೊನೆಗೆ ಒಂದು ಎಚ್ಚರಿಕೆ, ಇದನ್ನು ಮರೆಯಬೇಡಿ. ನಿಮ್ಮದು ದುಬೈ ಮೇಲೆ ಹೋಗುವ ವಿಮಾನ ಅಂದಿರಿ. ತಂಗಿ ಮನೆಯಲ್ಲಿ ಪಾಯಸ ಮಾಡಲು ಅಂತ ಗಸಗಸೆ ಕಟ್ಟಿಕೊಂಡು ಹೋಗಬೇಡಿ. ದುಬೈ ಕಾನೂನಿನಲ್ಲಿ ಗಸಗಸೆಯೂ ನಿಷೇಧಿತ ಮಾದಕ ವಸ್ತುಗಳ ಪಟ್ಟಿಯಲ್ಲಿದೆ, ಬ್ಯಾಗಿನಲ್ಲಿ ಸಿಕ್ಕಿದರೆ ಜೈಲಾಗಬಹುದು. ಮಾವನವರ ಬೇರು, ಬೀಜದ ಗಂಟನ್ನೂ ಮನೆಯಲ್ಲೇ ಬಿಡಿ. ಗಸಗಸೆ ಲಂಡನ್ನಿನ ಅಂಗಡಿಯಲ್ಲೇ ಸಿಗುತ್ತದೆ, ತಂಗಿಗೆ ತಂದಿಡಲು ಹೇಳಿ.